ಹೆಂಡತಿಗೆ ಗೊತ್ತಿಲ್ಲದ್ದು

ಬೀಗ ರಿಪೇರಿಯವರು ತಮ್ಮ ಮನೆಯ ಹೊಸ ಕಂಪ್ಯೂಟರಿಗೆ ಪಾಸ್‌ವರ್ಡ್ ಹಾಕಿದ್ದು ಗುರುವಾರ ಬೆಳಿಗ್ಗೆ ಹತ್ತೂಕಾಲಿಗೆ. ಶುಕ್ರವಾರ ಬೆಳಿಗ್ಗೆ ಒಂಬತ್ತೂವರೆಗೆ ಅದು ಅವರನ್ನೇ ಹೊರಗೆ ನಿಲ್ಲಿಸಿತು. ಮೂವತ್ತೊಂದು ವರ್ಷ ಬೇರೆಯವರ ಬಾಗಿಲು ತೆಗೆದುಕೊಟ್ಟ ಮನುಷ್ಯನಿಗೆ ಸ್ವಂತ ಮನೆಯಲ್ಲಿ, ಸ್ವಂತ ಕುರ್ಚಿಯಲ್ಲಿ ಕೂತಿದ್ದಾಗಲೇ ಇಂಥ ಗತಿ ಬಂದದ್ದನ್ನು ನಗುತ್ತ ಹೇಳುವುದು ಸಭ್ಯತೆಯಲ್ಲ. ಆದ್ದರಿಂದ ಗಂಭೀರವಾಗಿಯೇ ಹೇಳಬೇಕು.

ಕಂಪ್ಯೂಟರ್ ಬಂದದ್ದು ಅವರಿಗಾಗಿ ಅಲ್ಲ, ಅವರ ಹೆಂಡತಿಗಾಗಿ. ಆಕೆ ಸ್ವೆಟರ್ ಹೆಣೆಯುವುದರಲ್ಲಿ ಎತ್ತಿದ ಕೈ. ಉಣ್ಣೆ ನೂಲಿನ ಕಂಪನಿಯೊಂದು ಹೊರತರುತ್ತಿದ್ದ ನಮೂನೆಗಳ ಪುಸ್ತಕಕ್ಕೆ ಹನ್ನೆರಡು ನಮೂನೆ ಕಳಿಸಿ ಎಂದು ಆಕೆಯನ್ನು ಕೇಳಿತ್ತು. ಪುಸ್ತಕದಲ್ಲಿ ಆಕೆಯ ಹೆಸರು ಅಚ್ಚಾಗುತ್ತದೆ ಎಂದೂ ಬರೆದಿತ್ತು. ಎರಡು ವಾರ ಆಕೆ ಪರದೆಯ ಮೇಲಿನ ಸಣ್ಣ ಸಣ್ಣ ಚೌಕಗಳಿಗೆ ಒಂದೊಂದಾಗಿ ಬಣ್ಣ ತುಂಬಿ ಹನ್ನೊಂದು ನಮೂನೆ ಮುಗಿಸಿದ್ದರು. ಉಳಿದದ್ದು ಒಂದೇ. ಎಲ್ಲವನ್ನೂ ಶುಕ್ರವಾರ ಸಂಜೆ ಐದರೊಳಗೆ ಕಳಿಸಬೇಕಿತ್ತು.

ಇದರಲ್ಲಿ ಬೀಗದವರ ಪಾತ್ರ ಏನೂ ಇರಲಿಲ್ಲ. ಅದೇ ತೊಂದರೆಯಾಯಿತು. ಮನೆಯೊಳಗೆ ಬೀಗವಿಲ್ಲದ ಒಂದು ಪೆಟ್ಟಿಗೆ, ಅದರಲ್ಲಿ ಹೆಂಡತಿಯ ಎರಡು ವಾರದ ದುಡಿಮೆ, ಅದೂ ಬೀದಿಗೆ ತೆರೆದ ಕಿಟಕಿಯ ಪಕ್ಕದಲ್ಲಿ. ಅವರಿಗೆ ಊಟ ರುಚಿಸಲಿಲ್ಲ. ಗುರುವಾರ ಬೆಳಿಗ್ಗೆ ಹೆಂಡತಿ ನೂಲು ತರಲು ಹೋದದ್ದೇ ತಡ, ಅವರು ಅಂಗಡಿಯಿಂದ ಎದ್ದು ಒಳಗೆ ಬಂದರು. ಅಂಗಡಿ ಎಂದರೆ ಮನೆಯ ಮುಂದಿನ ಕೋಣೆಯೇ. ಎದ್ದು ಬರಲು ಆರು ಹೆಜ್ಜೆ.

ಮೊದಲು ಅಕ್ಷರ ಸರಿಮಾಡಿದರು. ಅವರ ಕಣ್ಣು ಬೀಗದ ಕೈಯ ಹಲ್ಲನ್ನು ಹತ್ತಿರದಿಂದ ಕೊರೆಯಲು ಪಳಗಿದ ಕಣ್ಣು, ಒಂದು ಮೊಳ ಆಚೆಯದು ಮಂಜು. ಅಕ್ಷರದ ಗಾತ್ರವನ್ನು ಎಳೆದರು, ಇನ್ನೂ ಎಳೆದರು, ಇನ್ನು ಎಳೆಯಲಾಗದಷ್ಟು ಎಳೆದರು. ಕೊನೆಗೆ ಪರದೆಯ ತುಂಬ ನಾಲ್ಕೈದು ಪದ ಮಾತ್ರ ಹಿಡಿಸುವಂತಾಯಿತು. ಬೆಳಕನ್ನೂ ಪೂರ್ತಿ ಏರಿಸಿದರು. ಆಮೇಲೆ ಹೆಸರು ಕೇಳಿದಲ್ಲಿ, ಸ್ವಲ್ಪ ಯೋಚಿಸಿ, 'ಮನೆಯ ಯಜಮಾನರು' ಎಂದು ಬರೆದರು. ಯಾರೂ ಪಕ್ಕದಲ್ಲಿ ಇಲ್ಲದಿದ್ದಾಗ ಮನುಷ್ಯ ಹೀಗೆಲ್ಲ ಬರೆಯುತ್ತಾನೆ.

ಪಾಸ್‌ವರ್ಡ್ ಬಂದಾಗ ಅವರೊಳಗಿನ ಕಸುಬುದಾರ ಎದ್ದು ಕೂತ. ಹುಟ್ಟಿದ ದಿನ, ಮನೆ ನಂಬರು, ಇವೆಲ್ಲ ಹವ್ಯಾಸಿಗಳ ಕೆಲಸ. ಬೀಗದ ಕಸುಬಿನಲ್ಲಿ ಪ್ರತಿ ಬೀಗದ ಕೈಯೂ ಒಂದು ಸಂಖ್ಯೆಯೇ. ಅದರ ಹಲ್ಲುಗಳ ನಡುವಿನ ಕಚ್ಚು ಎಷ್ಟು ಆಳವಿದೆ ಎಂದು ಅಳತೆಪಟ್ಟಿ ಇಟ್ಟು ನೋಡಿದರೆ ಒಂದು, ಎರಡು, ಮೂರು ಎಂದು ಅಂಕಿ ಸಿಗುತ್ತದೆ. ಆರು ಕಚ್ಚಿದ್ದರೆ ಆರು ಅಂಕಿ. ಅದನ್ನು ಬರೆದಿಡಬಾರದು, ಬಾಯಿಬಿಟ್ಟು ಹೇಳಬಾರದು, ನೆನಪಿಟ್ಟುಕೊಳ್ಳುವ ಅಗತ್ಯವೂ ಇಲ್ಲ. ಬೀಗದ ಕೈ ಇದ್ದರೆ ಸಂಖ್ಯೆ ಇದ್ದಂತೆ. ಹಾಗಾದರೆ ಯಾವ ಬೀಗದ ಕೈ? ಇಡೀ ಜಗತ್ತಿನಲ್ಲಿ ತಮ್ಮೊಬ್ಬರಿಗೇ ಗೊತ್ತಿದ್ದ ಬೀಗದ ಕೈ ಒಂದಿತ್ತು.

ಅದರ ವಿಷಯ ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಇಪ್ಪತ್ತಾರು ವರ್ಷದ ಹಿಂದೆ ಹೆಂಡತಿ ಈ ಮನೆಗೆ ಬಂದಾಗ ಜೊತೆಗೊಂದು ಹಸಿರು ಟ್ರಂಕು ತಂದಿದ್ದರು. "ಇದಕ್ಕೆ ಒಂದೇ ಬೀಗದ ಕೈ. ಅದು ನನ್ ಹತ್ರ ಇರುತ್ತೆ. ನೀವು ಬೀಗದ ಕೆಲಸದವರು ಅಂತ ಇನ್ನೊಂದು ಮಾಡ್ಬಾರ್ದು" ಎಂದು ಮಾತು ತೆಗೆದುಕೊಂಡಿದ್ದರು. ಅವರು ಮಾತು ಕೊಟ್ಟರು. ಇಪ್ಪತ್ತು ದಿನ ತಡೆದುಕೊಂಡರು ಕೂಡ. ಆದರೆ ಒಂದೇ ಕೈ ಇರುವ ಬೀಗ ಎಂದರೆ ಕಸುಬುದಾರನಿಗೆ ಅಳುತ್ತಿರುವ ಮಗುವಿನ ಹಾಗೆ. ಇಪ್ಪತ್ತೊಂದನೆಯ ದಿನ ಆಕೆ ಸ್ನಾನಕ್ಕೆ ಹೋದಾಗ ಸೋಪಿನ ತುಂಡಿಗೆ ಅಚ್ಚು ಒತ್ತಿಕೊಂಡು ಇನ್ನೊಂದು ಮಾಡಿಯೇಬಿಟ್ಟರು. ಅದನ್ನು ಒಂದು ದಿನವೂ ಆ ಟ್ರಂಕಿಗೆ ಹಾಕಲಿಲ್ಲ. ಅಂಗಡಿಯ ಮುಂದೆ ಗುರುತಿಗೆಂದು ತೂಗುಹಾಕಿದ್ದ ತಗಡಿನ ದೊಡ್ಡ ಬೀಗದ ಹೊಟ್ಟೆಯಲ್ಲಿ ಹಾಕಿಟ್ಟರು. ಆ ಬೀಗವನ್ನು ಹೆಂಡತಿ ಪ್ರತಿ ಗುರುವಾರ ಮಧ್ಯಾಹ್ನ ಸ್ಟೂಲು ಹತ್ತಿ ಶ್ರದ್ಧೆಯಿಂದ ಒರೆಸುತ್ತಿದ್ದರು. ಗಂಡನ ಕಸುಬಿನ ಮೇಲೆ ಆಕೆಗಿದ್ದ ಆ ಗೌರವವನ್ನು ನೋಡಿ ಬೀಗದವರಿಗೆ ಒಳಗೊಳಗೇ ಚುಚ್ಚುತ್ತಿತ್ತು.

ಸರಿ, ಗುರುವಾರ ಬೆಳಿಗ್ಗೆ ಆ ಬೀಗದ ಕೈ ತೆಗೆದು, ಭೂತಗನ್ನಡಿ ಹಿಡಿದು, ಆರು ಅಂಕಿ ಓದಿ, ಕಂಪ್ಯೂಟರಿಗೆ ಕುಟ್ಟಿ, ತಿರುಗಿ ಅಲ್ಲೇ ಇಟ್ಟರು. ಕಂಪ್ಯೂಟರ್ ಅಷ್ಟಕ್ಕೆ ಬಿಡಲಿಲ್ಲ. ಮರೆತರೆ ನೆನಪಿಸಲು ಒಂದು ಸುಳಿವು ಬರೆಯಿರಿ ಎಂದಿತು. ಖಾಲಿ ಬಿಟ್ಟರೆ ಮುಂದಕ್ಕೆ ಹೋಗುತ್ತಿರಲಿಲ್ಲ. ಸುಳ್ಳು ಬರೆದು ಅಭ್ಯಾಸವಿಲ್ಲದ ಮನುಷ್ಯ ಹತ್ತು ನಿಮಿಷ ಯೋಚಿಸಿ ನಿಜವನ್ನೇ ಬರೆದರು. ಅದು ತಮಗಷ್ಟೇ ಕಾಣುತ್ತದೆ ಎಂದು ತಿಳಿದಿದ್ದರು, ಪಾಪ.

ಶುಕ್ರವಾರ ಬೆಳಿಗ್ಗೆ ಹೆಂಡತಿ ಕಂಪ್ಯೂಟರ್ ಹಾಕಿದರು.

"ರೀ, ಇದೇನ್ರೀ ಇದು, ಗೋಡೆ ಬರಹದ ಥರ ಅಕ್ಷರ? 'ಮನೆಯ ಯಜಮಾನರು' ಅಂದ್ರೆ ಯಾರು?"

"ನಾನೇ ಕಣೇ. ನಿನ್ನ ನಮೂನೆಗಳು ಭದ್ರವಾಗಿರ್ಲಿ ಅಂತ ಪಾಸ್‌ವರ್ಡ್ ಹಾಕಿದೀನಿ."

"ಸರಿ, ತೆಗೀರಿ. ಸಂಜೆ ಐದಕ್ಕೆ ಕಳಿಸ್ಬೇಕು."

ಬೀಗದವರು ಕೂತರು. ನೆನಪಿದ್ದ ಆರು ಅಂಕಿ ಕುಟ್ಟಿದರು. ತಪ್ಪು ಎಂದಿತು. ಎರಡು ಅಂಕಿ ಅದಲುಬದಲು ಮಾಡಿ ಮತ್ತೆ ಕುಟ್ಟಿದರು. ಆಗ ಪರದೆ ಒಂದು ಗಳಿಗೆ ಬಿಳುಚಿಕೊಂಡು, ಅವರು ತಾವೇ ಏರಿಸಿದ್ದ ಬೆಳಕಿನಲ್ಲಿ, ತಾವೇ ಹಿಗ್ಗಿಸಿದ್ದ ಅಕ್ಷರದಲ್ಲಿ, ಅಂಚಿನಿಂದ ಅಂಚಿಗೆ ಬರೆದು ತೋರಿಸಿತು:

ಸುಳಿವು: ನನ್ನ ಹೆಂಡತಿಗೆ ಗೊತ್ತಿಲ್ಲದ್ದು.

ಹೆಂಡತಿ ಓದಿದರು. ಎದುರು ಅಂಗಡಿಯಲ್ಲಿ ಕತ್ತರಿ ಹಿಡಿದು ನಿಂತಿದ್ದ ದರ್ಜಿಯೂ ಓದಿದ. ಕಣ್ಣಿಗೆ ಬಿದ್ದ ಬರಹವನ್ನೆಲ್ಲ ಜೋರಾಗಿ ಓದುವುದು ಅವನ ಚಾಳಿ. ಹಾಗಾಗಿ ಓದು ಬಾರದ ಮುದುಕಿಯೊಬ್ಬಳು ಬೀದಿಯಲ್ಲಿ ಹೋಗುತ್ತಿದ್ದವಳು ಕೂಡ ನಿಂತು, "ಏನಂತೆ, ಏನಂತೆ ಅವಳಿಗೆ ಗೊತ್ತಿಲ್ದಿದ್ದು?" ಎಂದು ಕೇಳಿದಳು.

"ನನಗೆ ಗೊತ್ತಿಲ್ಲದ್ದು ಏನ್ರೀ ಅದು?" ಹೆಂಡತಿ ಮೆಲ್ಲಗೆ ಕೇಳಿದರು.

"ಒಂದು ನಂಬರು."

"ಯಾರ ನಂಬರು?"

ಈ ಪ್ರಶ್ನೆಗೆ ಸಂಸಾರಸ್ಥನಾದವನು ಥಟ್ಟನೆ ಉತ್ತರ ಕೊಡಬೇಕು. ಬೀಗದವರು ಥಟ್ಟನೆ ಕೊಡಲಿಲ್ಲ. "ಒಂದ್ನಿಮಿಷ ಇರು, ಬಂದೆ" ಎಂದು ಎದ್ದು ಹೊರಗೆ ಹೋಗಿ ಸ್ಟೂಲು ಹಾಕಿಕೊಂಡು ಹತ್ತಿ, ದೊಡ್ಡ ಬೀಗದ ಹೊಟ್ಟೆಗೆ ಕೈ ಹಾಕಿದರು. ಒಳಗೆ ಒಂದು ಜೇಡ ಇತ್ತು. ಬೀಗದ ಕೈ ಇರಲಿಲ್ಲ. ಮತ್ತೆ ತಡಕಿದರು. ಬೀಗವನ್ನೇ ಅಲ್ಲಾಡಿಸಿದರು. ಸದ್ದಿಲ್ಲ.

"ಏನ್ ಹುಡುಕ್ತಿದೀರಾ ಸ್ವಾಮಿ?" ದರ್ಜಿ ಕೇಳಿದ.

"ಧೂಳು" ಎಂದರು ಬೀಗದವರು. ಅದು ಅವರು ಜೀವಮಾನದಲ್ಲಿ ಹೇಳಿದ ಮೊದಲ ಸುಳ್ಳಲ್ಲದಿದ್ದರೂ, ಎಲ್ಲಕ್ಕಿಂತ ಕೆಟ್ಟದಾಗಿ ಹೇಳಿದ ಸುಳ್ಳು.

"ಧೂಳೆಲ್ಲಿಂದ ಬರ್ಬೇಕು? ನಿನ್ನೆ ಮಧ್ಯಾಹ್ನ ತಾನೇ ಅಮ್ಮಾವ್ರು ಒರೆಸಿದ್ರು. ನಾನಿಲ್ಲೇ ನಿಮ್ ಅಂಗಡೀಲಿ ಸಂಜೆವರೆಗೂ ಕೂತಿರಲಿಲ್ವಾ!"

ಹನ್ನೊಂದು ಗಂಟೆಯ ಹೊತ್ತಿಗೆ ಬೀದಿಯಲ್ಲಿ ಮೂರು ಅಭಿಪ್ರಾಯಗಳು ತಯಾರಾಗಿದ್ದವು. ಅದು ಫೋನ್ ನಂಬರು ಎಂದು ದರ್ಜಿ. ಅದು ಯಾವುದೋ ಮನೆಯ ನಂಬರು ಎಂದು ಕ್ಷೌರದಂಗಡಿಯವನು. ಊರಿನ ಎಲ್ಲ ಮನೆಗೂ ಒಬ್ಬನೇ ಹೋಗಿ ಬಾಗಿಲು ತೆಗೆಯುವ ಗಂಡಸು ಅಲ್ಲವೇ ಎಂದು ಅವನ ತರ್ಕ. ಮೂರನೆಯ ಅಭಿಪ್ರಾಯ ಔಷಧಿ ಅಂಗಡಿಯವರದು. ಅವರು ನಂಬರಿನ ವಿಷಯಕ್ಕೇ ಹೋಗಲಿಲ್ಲ. ನೇರ ಬಂದು, ರಿಪೇರಿಗೆ ಕೊಟ್ಟಿದ್ದ ತಮ್ಮ ಅಂಗಡಿಯ ಬೀಗವನ್ನು ಎತ್ತಿಕೊಂಡರು.

"ಇನ್ನೂ ಆಗಿಲ್ಲ, ಸ್ಪ್ರಿಂಗ್ ಕೂರಿಸ್ಬೇಕು" ಎಂದರು ಬೀಗದವರು.

"ಇರ್ಲಿ ಬಿಡಿ. ಮೊದ್ಲು ಮನೇದು ತೆಗೀರಿ."

ಈ ಮಾತು ಬೀಗದವರಿಗೆ ನಾಟಿತು. ಅವರು ಕಂಪ್ಯೂಟರಿನ ಹಿಂಭಾಗಕ್ಕೆ ಹೋಗಿ ಕೂತು, ಸಣ್ಣ ತಿರುಪುಮೊಳೆಗಳನ್ನು ನೋಡಿದರು. ಜೇಬಿನಿಂದ ಕೊಕ್ಕೆ ತಂತಿಯನ್ನೂ ತೆಗೆದರು. ಎಲ್ಲಿ ಹಾಕುವುದು? ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಒಂದು ಬೀಗಕ್ಕೆ ತೂತೇ ಇರಲಿಲ್ಲ. ಮಾರಿದ ಅಂಗಡಿಯವನಿಗೆ ಫೋನ್ ಮಾಡಿದರು. ಅವನು ಬಹಳ ವಿನಯದಿಂದ, "ಏನೂ ಚಿಂತೆ ಇಲ್ಲ ಸಾರ್, ಎಲ್ಲಾ ಅಳಿಸಿ ಹೊಸದಾಗಿ ಮಾಡ್ಕೊಡ್ತೀನಿ" ಎಂದ.

"ಎಲ್ಲಾ ಅಂದ್ರೆ?"

"ಎಲ್ಲಾ ಅಂದ್ರೆ ಎಲ್ಲಾ ಸಾರ್. ಒಳಗೆ ಏನಿದ್ಯೋ ಅದೆಲ್ಲಾ."

ಹೆಂಡತಿ ಪಕ್ಕದಲ್ಲೇ ನಿಂತು ಕೇಳಿಸಿಕೊಂಡರು. ಹನ್ನೊಂದು ನಮೂನೆ. ಎಂಟನೆಯದಕ್ಕೆ, ಹಕ್ಕಿಯ ರೆಕ್ಕೆಗೆ, ಮೂರು ದಿನ ಹಿಡಿದಿತ್ತು. ಆಕೆ ಒಳಗೆ ಹೋಗಿ, ಹೆಣೆಯುವ ಕಡ್ಡಿಗಳನ್ನು ಹಿಡಿದು ಕೂತರು, ಹೆಣೆಯಲಿಲ್ಲ. ಬೈದಿದ್ದರೆ ಬೀಗದವರಿಗೆ ಎಷ್ಟೋ ವಾಸಿ ಎನಿಸುತ್ತಿತ್ತು.

ಎರಡು ಗಂಟೆಗೆ ಹೆಂಡತಿಯ ಅಣ್ಣ ಬಂದರು. ಅವರು ನಿವೃತ್ತರಾದ ರೈಲು ಟಿಕೆಟ್ ಪರೀಕ್ಷಕರು. ಕೆಲಸ ಅವರನ್ನು ಬಿಟ್ಟಿತ್ತು, ಅವರು ಕೆಲಸವನ್ನು ಬಿಟ್ಟಿರಲಿಲ್ಲ. ಯಾರು ಹೇಳಿ ಕಳಿಸಿದರೋ ಗೊತ್ತಿಲ್ಲ. ಆದರೆ ದರ್ಜಿ ತಕ್ಷಣ ಅವರಿಗೊಂದು ಕುರ್ಚಿ ಹಾಕಿದ್ದನ್ನು ನೋಡಿದರೆ ಹೆಚ್ಚು ವಿಚಾರಣೆ ಬೇಕಾಗುವುದಿಲ್ಲ. ಅವರು ಕನ್ನಡಕ ಏರಿಸಿ ಪರದೆಯನ್ನು ಎರಡು ಸಲ ಓದಿದರು.

"ಭಾವ, ಇದು ನಿಮ್ಮ ಬರವಣಿಗೆನಾ?"

"ಹೌದು."

"ಯಾರೂ ಬಲವಂತ ಮಾಡಿ ಬರೆಸಿಲ್ಲ?"

"ಕಂಪ್ಯೂಟರೇ ಬರೀರಿ ಅಂತು."

"ಸಿಕ್ಕಿಬಿದ್ದೋರೆಲ್ಲ ಹಿಂಗೇ ಅಂತಾರೆ. ಈ ನಂಬರು ಎಷ್ಟು ವರ್ಷದಿಂದ ನಡೀತಾ ಇದೆ?"

ಬೀಗದವರು ಪ್ರಾಮಾಣಿಕವಾಗಿ ಲೆಕ್ಕ ಹಾಕಿದರು. "ಇಪ್ಪತ್ತಾರು."

ಕಿಟಕಿಯ ಹೊರಗಿದ್ದ ಜನ ಒಟ್ಟಿಗೆ ಉಸಿರೆಳೆದುಕೊಂಡರು. ಕ್ಷೌರದಂಗಡಿಯವನು, "ನಂಗೆ ಮೊದ್ಲೇ ಅನ್ನಿಸಿತ್ತು" ಎಂದ. ಅವನಿಗೆ ಎಲ್ಲವೂ ಮೊದಲೇ ಅನಿಸಿರುತ್ತದೆ.

"ಇಪ್ಪತ್ತಾರು ವರ್ಷ!" ಅಣ್ಣನ ದನಿ ಪ್ಲಾಟ್‌ಫಾರಂ ಏರಿತು. "ಅಂದ್ರೆ ನನ್ ತಂಗಿ ಈ ಮನೆಗೆ ಬಂದ ವರ್ಷದಿಂದಾನೇ! ಎಲ್ಲಿಟ್ಟಿದ್ರಿ ಇಷ್ಟು ದಿನ?"

"ಅಂಗಡಿ ಮುಂದೇನೇ."

"ಅಂಗಡಿ ಮುಂದೆ! ಎಲ್ಲರ ಕಣ್ಣೆದುರಿಗೆ! ಈಗೆಲ್ಲಿ?"

"ಅದೇ ಗೊತ್ತಾಗ್ತಿಲ್ಲ. ನಿನ್ನೆ ಬೆಳಿಗ್ಗೆ ಇತ್ತು. ಕೈಯಲ್ಲಿ ಹಿಡ್ಕೊಂಡು ನೋಡಿದೀನಿ. ಈಗ ಇಲ್ಲ."

ಅಣ್ಣ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದರು. ಮೂವತ್ತು ವರ್ಷದ ನೌಕರಿಯಲ್ಲಿ ಇಷ್ಟು ಸಲೀಸಾಗಿ ತಪ್ಪೊಪ್ಪಿಕೊಂಡ ಪ್ರಯಾಣಿಕನನ್ನು ಅವರು ಕಂಡಿರಲಿಲ್ಲ.

ಗೋಡೆಯ ಗಡಿಯಾರ ನಾಲ್ಕು ಹೊಡೆಯಿತು. ನಡುನಡುವೆ ಬೀಗದವರು ಅಂಕಿ ಬದಲಿಸಿ ಕುಟ್ಟಿದ್ದರ ಫಲವಾಗಿ ಪರದೆಯ ಮೇಲೆ ಹೊಸ ಎಚ್ಚರಿಕೆ ಬಂದಿತ್ತು: ಇನ್ನು ಎರಡು ಸಲ ಮಾತ್ರ ಕುಟ್ಟಿ ನೋಡಬಹುದು, ಆಮೇಲೆ ಎರಡು ಗಂಟೆ ಕಾಯಬೇಕು. ಎರಡು ಗಂಟೆ ಎಂದರೆ ಆರು. ಕಂಪನಿಯವರು ಹೇಳಿದ್ದು ಐದು.

ಬೀಗದವರು ಎದ್ದು ಒಳಬಾಗಿಲಿಗೆ ಬಂದು ನಿಂತರು. ಅಂಕಿ ಸಿಗಲು ದಾರಿ ಇಲ್ಲದೇ ಇರಲಿಲ್ಲ, ಅವರಿಗೆ ಅದು ಬೆಳಿಗ್ಗೆಯಿಂದಲೂ ಗೊತ್ತಿತ್ತು. ತಾವು ಮಾಡಿದ್ದು ನಕಲು. ಅಸಲು ಹೆಂಡತಿಯ ಹತ್ತಿರವೇ ಇರುತ್ತದೆ. ಅದನ್ನು ಕೇಳಿ ಪಡೆದರೆ ಅದೇ ಆರು ಅಂಕಿ. ಆದರೆ ಕೇಳಬೇಕಾದರೆ ಏಕೆಂದು ಹೇಳಬೇಕು. ಹೇಳಿದರೆ ಇಪ್ಪತ್ತಾರು ವರ್ಷದ ಮಾತು ಮುರಿದದ್ದು ಬಯಲಾಗುತ್ತದೆ, ಅದೂ ಹೆಂಡತಿಯ ಅಣ್ಣನ ಮುಂದೆ, ಇಡೀ ಬೀದಿಯ ಮುಂದೆ. ಹೆಂಡತಿ ಕಡ್ಡಿಗಳನ್ನು ಮಡಿಲಲ್ಲಿ ಹಾಗೇ ಹಿಡಿದು ಗಡಿಯಾರ ನೋಡುತ್ತಿದ್ದರು. ಅದನ್ನು ನೋಡಿ ಅವರಿಗೆ ತಡೆಯಲಾಗಲಿಲ್ಲ.

"ಅದು ನಿನ್ನ ಟ್ರಂಕಿನ ಬೀಗದ ಕೈಯ ಅಂಕಿ ಕಣೇ" ಎಂದುಬಿಟ್ಟರು. "ಮಾಡ್ಬೇಡಿ ಅಂದಿದ್ದೆ ನೀನು. ನಾನು ಮಾಡಿದ್ದೆ. ಕಳೆದುಹೋದ್ರೆ ಅಂತ ಹೆದರಿ ಮಾಡಿದ್ದು. ಒಂದು ದಿನಾನೂ ಹಾಕಿ ತೆಗೆದಿಲ್ಲ. ನನ್ನದು ಈಗ ಸಿಗ್ತಿಲ್ಲ. ನಿನ್ನದು ಒಂದ್ ಗಳಿಗೆ ಕೊಟ್ರೆ ಅಂಕಿ ಓದ್ಕೊಂಡು ವಾಪಸ್ ಕೊಡ್ತೀನಿ. ಆಮೇಲೆ ಏನ್ ಬೈತೀಯೋ ಬೈ."

ಹೊರಗೆ ದರ್ಜಿ, "ಟ್ರಂಕಾ!" ಎಂದ. ಅವನ ದನಿಯಲ್ಲಿದ್ದ ನಿರಾಸೆಯನ್ನು ಯಾರೂ ಕ್ಷಮಿಸಬಾರದು.

ಹೆಂಡತಿಯ ಮುಖ ಕೆಂಪಾಯಿತು; ಆಮೇಲೆ, ಯಾರೂ ನಿರೀಕ್ಷಿಸದ ಹಾಗೆ, ಬಿಳುಪಾಯಿತು. ಎದ್ದು ಹೋಗಿ ನೂಲಿನ ಚೀಲ ತಂದರು. ನೀಲಿ ಉಂಡೆಯೊಂದರ ಒಳಗೆ ಬೆರಳು ತೂರಿಸಿ, ಒಂದು ಬೀಗದ ಕೈ ತೆಗೆದು, ಗಂಡನ ಮುಖ ನೋಡದೆ ಮೇಜಿನ ಮೇಲಿಟ್ಟರು.

ಬೀಗದವರು ಅದನ್ನು ಎತ್ತಿಕೊಂಡರು. ಅದರ ತಲೆಯ ಅಂಚಿನಲ್ಲಿ ಒಂದು ಸಣ್ಣ ಗೀರು ಇತ್ತು. ತಾವು ಮಾಡಿದ ಪ್ರತಿ ಬೀಗದ ಕೈಗೂ ಅವರು ಹಾಕುವ ಗುರುತು ಅದು. ಅಸಲಿಗೆ ಆ ಗುರುತು ಇರಲು ಸಾಧ್ಯವಿಲ್ಲ.

"ಇದು ನಂದು" ಎಂದರು.

"ಹೌದು."

"ನಿನ್ನದೆಲ್ಲಿ?"

"ಕಳೆದುಹೋಗಿ ಒಂಬತ್ತು ವರ್ಷ ಆಯ್ತು" ಎಂದರು ಹೆಂಡತಿ. "ಬಸ್ಸಲ್ಲಿ. ನಿಮಗೆ ಹೇಳೋಕೆ ನಾಚಿಕೆ. ಇನ್ನೊಂದು ಮಾಡ್ಬೇಡಿ ಅಂತ ಅಷ್ಟು ಜೋರು ಮಾಡಿದೋಳು ನಾನೇ ಅಲ್ವಾ? ಆಮೇಲೊಂದಿನ ಆ ದೊಡ್ಡ ಬೀಗ ಒರೆಸ್ತಿದ್ದೆ. ಒಳಗೆ ಏನೋ ಗಿಲಗಿಲ ಅಂತು."

"ಅದಕ್ಕೇ ಪ್ರತಿ ಗುರುವಾರ..."

"ಎರಡ್ ಸಲ ಒರೆಸ್ತಿದ್ದೆ. ಒಂದ್ ಸಲ ತಗೊಳ್ಳೋಕೆ, ಒಂದ್ ಸಲ ಇಡೋಕೆ. ನಿನ್ನೆ ಹನ್ನೆರಡನೇ ನಮೂನೆಗೆ ಟ್ರಂಕಲ್ಲಿರೋ ಹಳೇ ಪುಸ್ತಕ ಬೇಕಿತ್ತು, ತೆಗೆದೆ. ವಾಪಸ್ ಇಡೋಣ ಅಂದ್ರೆ ಈ ದರ್ಜಿ ಪುಣ್ಯಾತ್ಮ ಸಂಜೆವರೆಗೂ ಅಂಗಡೀಲೇ ಕೂತಿದ್ದ."

ಪುಣ್ಯಾತ್ಮ ಕಿಟಕಿಯಿಂದ ಒಂದು ಹೆಜ್ಜೆ ಹಿಂದೆ ಸರಿದ.

ಒಂದೇ ಟಿಕೆಟ್ಟಿನ ಮೇಲೆ ಗಂಡ ಹೆಂಡತಿ ಇಬ್ಬರೂ ಒಬ್ಬರಿಗೊಬ್ಬರು ಗೊತ್ತಾಗದ ಹಾಗೆ ಪ್ರಯಾಣ ಮಾಡಿದ ಪ್ರಕರಣ ಅಣ್ಣನ ಕೈಪಿಡಿಯಲ್ಲಿ ಇರಲಿಲ್ಲ.

ನಾಲ್ಕೂಕಾಲು. ಮಾತು ಆಮೇಲೆ ಆಡಬಹುದಿತ್ತು. ಬೀಗದವರು ಭೂತಗನ್ನಡಿ ಕಣ್ಣಿಗೇರಿಸಿ, ಅಳತೆಪಟ್ಟಿ ಇಟ್ಟು ಓದಿದರು. ಎರಡು, ಐದು, ಒಂದು, ನಾಲ್ಕು, ನಾಲ್ಕು, ಎರಡು. ಒಂದೊಂದಾಗಿ ಕುಟ್ಟಿದರು. ಬೀದಿ ಉಸಿರು ಬಿಗಿಹಿಡಿಯಿತು.

ತಪ್ಪು, ಎಂದಿತು ಪರದೆ. ಇನ್ನು ಒಂದೇ ಸಲ.

ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಔಷಧಿ ಅಂಗಡಿಯವರು ತಮ್ಮ ಬೀಗವನ್ನು ಇನ್ನಷ್ಟು ಭದ್ರವಾಗಿ ಹಿಡಿದುಕೊಂಡರು. ಆದರೆ ಬೀಗದವರು ಅಲುಗಾಡಲಿಲ್ಲ. ಬೆಳಿಗ್ಗೆಯಿಂದ ಮೊದಲ ಸಲ ಅವರ ಕೈಯಲ್ಲಿ ತಮಗೆ ಅರ್ಥವಾಗುವ ವಸ್ತುವೊಂದಿತ್ತು. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ನಾಲ್ಕನೆಯ ಕಚ್ಚಿನ ಹತ್ತಿರ ಬಂದಾಗ ಅವರ ಹುಬ್ಬು ಗಂಟಿಕ್ಕಿತು.

"ಇದಕ್ಕೆ ಯಾರು ಅರ ಹಾಕಿದ್ದು?"

ಬೀಗದ ಕೈಯನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದರು.

"ಹಿಂದಕ್ಕೂ ಮುಂದಕ್ಕೂ ಉಜ್ಜಿದಾರೆ. ಕೆಲಸ ಕಲಿತೋರು ಅರಾನ ಮುಂದಕ್ಕೆ ಮಾತ್ರ ತಳ್ತಾರೆ. ಇದು ಹೊಸ ಗೀರು. ಯಾರು ಮಾಡಿದ್ದು ಈ ಅನ್ಯಾಯ?"

ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಅವರು ದನಿ ಎತ್ತಿದ್ದು ಅದೇ ಮೊದಲು. ಬೀಗದ ಕೈ ಕದ್ದದ್ದಕ್ಕಲ್ಲ, ಕೆಟ್ಟದಾಗಿ ಉಜ್ಜಿದ್ದಕ್ಕೆ.

"ನಾನೇ ರೀ" ಎಂದರು ಹೆಂಡತಿ. "ನಿನ್ನೆ ಸಿಕ್ಕಿಹಾಕ್ಕೊಳ್ತಿತ್ತು. ನಿಮ್ಮ ಅರ ತಗೊಂಡು ಸ್ವಲ್ಪ ಉಜ್ಜಿದೆ."

"ಸ್ವಲ್ಪ!" ಎಂದರು ಬೀಗದವರು. ಆಮೇಲೆ ಅವರ ಮುಖ ತಿಳಿಯಾಯಿತು. ಬೆಳಿಗ್ಗೆ ಪಾಸ್‌ವರ್ಡ್ ಹಾಕಿದ್ದು, ಮಧ್ಯಾಹ್ನ ಉಜ್ಜಿದ್ದು. ಉಜ್ಜಿದರೆ ಕಚ್ಚು ಆಳವಾಗುತ್ತದೆ. ಈಗ ನಾಲ್ಕಿದ್ದರೆ ಆಗ ಮೂರು.

ಎರಡು, ಐದು, ಒಂದು, ಮೂರು, ನಾಲ್ಕು, ಎರಡು.

ಪರದೆ ತೆರೆಯಿತು. ಮೊದಲು ಕಂಡದ್ದು ಎಂಟನೆಯ ನಮೂನೆ. ಅಕ್ಷರಗಳ ಜೊತೆ ಎಲ್ಲವೂ ಹಿಗ್ಗಿದ್ದರಿಂದ ಹಕ್ಕಿಯ ಒಂದು ರೆಕ್ಕೆಯೇ ಪರದೆಯ ತುಂಬ ಇತ್ತು. ಹೊರಗೆ ಚಪ್ಪಾಳೆ ಬಿತ್ತು. ಔಷಧಿ ಅಂಗಡಿಯವರು ಮೆಲ್ಲಗೆ ಒಳಗೆ ಬಂದು ಬೀಗವನ್ನು ಎಲ್ಲಿಂದ ಎತ್ತಿಕೊಂಡಿದ್ದರೋ ಅಲ್ಲೇ ಇಟ್ಟರು. ಹೆಂಡತಿ ಹನ್ನೆರಡನೆಯ ನಮೂನೆಯನ್ನು ಹಳೆಯ ಪುಸ್ತಕ ನೋಡಿಕೊಂಡು ಮೂವತ್ತು ನಿಮಿಷದಲ್ಲಿ ತುಂಬಿ, ಐದಕ್ಕೆ ನಾಲ್ಕು ನಿಮಿಷ ಇರುವಾಗ ಎಲ್ಲವನ್ನೂ ಕಳಿಸಿದರು.

ಅಣ್ಣ ಹೋದ ಮೇಲೆ, ಬೀದಿಯೂ ಚದುರಿದ ಮೇಲೆ, ಆಕೆ ಕೇಳಿದರು:

"ಇಪ್ಪತ್ತಾರು ವರ್ಷ ಬೀಗದ ಕೈ ನಿಮ್ಮ ಹತ್ರಾನೇ ಇತ್ತು. ಒಂದ್ಸಲಾನೂ ತೆಗೆದು ನೋಡ್ಲಿಲ್ವಾ?"

"ಇಲ್ಲ."

"ಏನಿದೆ ಅಂತ ನೋಡ್ಬೇಕು ಅನ್ನಿಸ್ಲೇ ಇಲ್ವಾ?" ಆಕೆಯ ದನಿಯಲ್ಲಿ ಸ್ವಲ್ಪ ಬೇಸರವೂ ಇತ್ತು.

"ಅನ್ನಿಸ್ತಿತ್ತು. ನೀನು ಆ ಬೀಗ ಒರೆಸೋದು ನೋಡಿದಾಗೆಲ್ಲ ಅನ್ನಿಸ್ತಿತ್ತು."

"ಮತ್ತೆ?"

"ಟ್ರಂಕು ನಿಂದು" ಎಂದರು ಬೀಗದವರು.

ಹೆಂಡತಿಯ ಕಣ್ಣಲ್ಲಿ ನೀರು ಬಂತು, ಒರೆಸಿಕೊಂಡರು. "ಬನ್ನಿ, ಇವತ್ತು ತೋರಿಸ್ತೀನಿ" ಎಂದರು.

"ಬಂದೆ ಇರು, ಮೊದ್ಲು ಆ ಹಲ್ಲು ಸರಿ ಮಾಡ್ತೀನಿ" ಎಂದು ಬೀಗದವರು ಅರ ಹುಡುಕಲು ಹೋದರು.

ಮರುದಿನ ಪಾಸ್‌ವರ್ಡ್ ಬದಲಾಯಿಸಿದ್ದು ಹೆಂಡತಿ. ಕಂಪ್ಯೂಟರ್ ಎಂದಿನಂತೆ ಸುಳಿವು ಕೇಳಿತು. ಆಕೆ ಯೋಚನೆಯನ್ನೇ ಮಾಡದೆ ಬರೆದರು. ಬೀಗದವರು ಅಂಗಡಿಯಿಂದ ಆರು ಹೆಜ್ಜೆ ಬಂದು ನೋಡುವಾಗ, ಅದೇ ಬೆಳಕಿನಲ್ಲಿ, ಅದೇ ಗಾತ್ರದಲ್ಲಿ, ಬೀದಿಯ ಆ ಕೊನೆಗೂ ಕಾಣುವ ಹಾಗೆ ಇತ್ತು:

ಸುಳಿವು: ಬೀಗದ ಕೈ ಇದ್ದೂ ತೆಗೆಯದವರು ಯಾರು?

ದರ್ಜಿ ಆಗಲೇ ಜೋರಾಗಿ ಓದಿಯಾಗಿತ್ತು. ಬೀಗದವರ ಕಿವಿ ಕೆಂಪಾಯಿತು. ಆದರೂ ಕಸುಬಿನ ಮಾತು ಕಸುಬಿನದೇ.

"ಇದು ಭದ್ರ ಅಲ್ಲ ಕಣೇ. ಉತ್ತರ ಇಡೀ ಬೀದಿಗೆ ಗೊತ್ತು."

"ಗೊತ್ತಿರ್ಲಿ ಬಿಡಿ" ಎಂದರು ಹೆಂಡತಿ.

ಅವರು ಅಕ್ಷರ ಚಿಕ್ಕದು ಮಾಡೋಣವೇ ಎಂದು ಒಂದು ಗಳಿಗೆ ಯೋಚಿಸಿದರು. ಕೈ ಕೂಡ ಮುಂದಕ್ಕೆ ಹೋಯಿತು. ಆಮೇಲೆ ಹಾಗೇ ಬಿಟ್ಟು ಅಂಗಡಿಗೆ ಹೋಗಿ ಔಷಧಿ ಅಂಗಡಿಯವರ ಬೀಗಕ್ಕೆ ಸ್ಪ್ರಿಂಗ್ ಕೂರಿಸಿದರು.